ರಾಜನಿಲ್ಲದ ದೇಶದಲ್ಲಿ ರಾಜದ್ರೋಹ: ಮ್ಯಾಥ್ಯೂ ಲಯನ್ ಪ್ರಕರಣ

1840ರ ಜುಲೈ 4ರಂದು ಅಮೆರಿಕದ ಕಾಂಗ್ರೆಸ್ಸು ಒಂದು ಪುಟ್ಟ ಕಾಯ್ದೆಯನ್ನು ಅಂಗೀಕರಿಸಿತು. ಒಬ್ಬ ಮನುಷ್ಯನ ವಾರಸುದಾರರಿಗೆ 1,060 ಡಾಲರ್ 96 ಸೆಂಟುಗಳನ್ನು ಹಿಂದಿರುಗಿಸಬೇಕು, ಅದಕ್ಕೆ 1799ರ ಫೆಬ್ರವರಿಯಿಂದ ಬಡ್ಡಿಯನ್ನೂ ಸೇರಿಸಿ ಕೊಡಬೇಕು ಎಂಬುದಷ್ಟೇ ಅದರ ಸಾರ. ಆ ಮೊತ್ತದಲ್ಲಿ ಸಾವಿರ ಡಾಲರ್ ದಂಡದ್ದು, ಉಳಿದದ್ದು ಮೊಕದ್ದಮೆಯ ಖರ್ಚಿನದು. ದಂಡ ತೆತ್ತಿದ್ದ ಮ್ಯಾಥ್ಯೂ ಲಯನ್ ತೀರಿಕೊಂಡು ಆಗಲೇ ಸುಮಾರು 18 ವರ್ಷಗಳಾಗಿದ್ದವು. ಬದುಕಿದ್ದಾಗ ಅವನೇ ಸಲ್ಲಿಸಿದ್ದ ಮನವಿಗಳಿಗೆ ಫಲ ಸಿಕ್ಕಿರಲಿಲ್ಲ.

ಲಯನ್ ಮಾಡಿದ್ದ ಅಪರಾಧವೆಂದರೆ ಅಧ್ಯಕ್ಷ ಜಾನ್ ಆಡಮ್ಸ್‌ನನ್ನು ಟೀಕಿಸಿ ಪತ್ರಿಕೆಯೊಂದಕ್ಕೆ ಪತ್ರ ಬರೆದದ್ದು, ಮತ್ತು ಬೇರೊಬ್ಬನು ಬರೆದಿದ್ದ ಇನ್ನೂ ಕಟುವಾದ ಒಂದು ಪತ್ರವನ್ನು ಚುನಾವಣಾ ಸಭೆಗಳಲ್ಲಿ ಓದಿ, ಅದನ್ನು ಅಚ್ಚು ಮಾಡಿಸಲು ನೆರವಾದದ್ದು. ಆಗ ಅವನು ವರ್ಮಾಂಟ್ ರಾಜ್ಯದಿಂದ ಆಯ್ಕೆಯಾಗಿದ್ದ ಪ್ರತಿನಿಧಿ ಸಭೆಯ ಹಾಲಿ ಸದಸ್ಯ. ಸಂವಿಧಾನ ಜಾರಿಗೆ ಬಂದು ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ವಾಕ್ ಸ್ವಾತಂತ್ರ್ಯವನ್ನೂ ಪತ್ರಿಕಾ ಸ್ವಾತಂತ್ರ್ಯವನ್ನೂ ಮೊಟಕುಗೊಳಿಸುವ ಯಾವ ಕಾಯ್ದೆಯನ್ನೂ ಕಾಂಗ್ರೆಸ್ಸು ಮಾಡಕೂಡದೆಂದು ಹೇಳುವ ಮೊದಲ ತಿದ್ದುಪಡಿ ಸ್ಥಿರಗೊಂಡು ಏಳು ವರ್ಷವೂ ಆಗಿರಲಿಲ್ಲ. 1798ರ ರಾಜದ್ರೋಹ ಕಾಯ್ದೆಯಡಿ ನಡೆದ ಮೊದಲ ವಿಚಾರಣೆ ಲಯನ್‌ನದೇ. ಅದೇ ಕಾಯ್ದೆಯಡಿ ಮುಂದೆ ಶಿಕ್ಷೆಗೊಳಗಾದ ಪತ್ರಕರ್ತ ಜೇಮ್ಸ್ ಕ್ಯಾಲೆಂಡರ್, ಥಾಮಸ್ ಕೂಪರ್ ಮೊದಲಾದವರು ಲಯನ್‌ಗಿಂತ ಒಳ್ಳೆಯ ಬರಹಗಾರರು. ಆದರೆ ಶಾಸನಸಭೆ, ನ್ಯಾಯಾಲಯ, ಮತಪೆಟ್ಟಿಗೆ ಈ ಮೂರನ್ನೂ ಅಪರಾಧಿಯ ಸ್ಥಾನದಲ್ಲಿ ನಿಂತು ಹಾದುಬಂದವನು ಲಯನ್ ಒಬ್ಬನೇ ಆದ್ದರಿಂದ ಈ ಅಧ್ಯಯನಕ್ಕೆ ಅವನ ಪ್ರಕರಣವನ್ನು ಆಯ್ದುಕೊಳ್ಳಲಾಗಿದೆ.

ಮರದ ಕತ್ತಿ

ಲಯನ್ ಹುಟ್ಟಿದ್ದು ಐರ್ಲೆಂಡಿನ ವಿಕ್ಲೋ ಪ್ರಾಂತದಲ್ಲಿ. ಹದಿಹರೆಯದಲ್ಲಿ ಹಡಗಿನ ಬಾಡಿಗೆಗೂ ಕೈಯಲ್ಲಿ ಹಣವಿಲ್ಲದೆ ಜೀತದ ಕರಾರಿನ ಮೇಲೆ ಕನೆಕ್ಟಿಕಟ್‌ಗೆ ಬಂದವನು. ಅವನ ಕರಾರು ಒಮ್ಮೆ ಒಂದು ಜೋಡಿ ಹೋರಿಗಳಿಗೆ ಬದಲಾಗಿ ಕೈಮಾರಿತೆಂಬ ಕಥೆಯಿದೆ. ಅದನ್ನು ಅವಮಾನವೆಂದು ಮುಚ್ಚಿಡುವ ಬದಲು ಅವನು ತನ್ನನ್ನು ಬಿಡಿಸಿದ ಹೋರಿಗಳ ಮೇಲೆಯೇ ಆಣೆಯಿಡುತ್ತಿದ್ದನಂತೆ. ಮುಂದೆ ವರ್ಮಾಂಟ್‌ನ ಗುಡ್ಡಗಾಡಿಗೆ ಹೋಗಿ ನೆಲೆಸಿ, 1783ರಲ್ಲಿ ಫೇರ್ ಹೇವನ್ ಎಂಬ ಊರನ್ನು ಕಟ್ಟಿ, ಅಲ್ಲಿ ಕಬ್ಬಿಣದ ಕುಲುಮೆ, ಮರ ಕೊಯ್ಯುವ ಗಿರಣಿ, ಕಾಗದದ ಗಿರಣಿ, ಅಚ್ಚುಕೂಟಗಳನ್ನು ನಡೆಸಿದನು. ರಾಜ್ಯದ ಮೊದಲ ಗವರ್ನರ್ ಥಾಮಸ್ ಚಿಟೆಂಡನ್‌ನ ಮಗಳನ್ನು ಮದುವೆಯಾದದ್ದರಿಂದ ಅವನಿಗೆ ಪ್ರಭಾವವೂ ಒದಗಿತು. ಹಲವು ಸಲ ಸೋತ ಮೇಲೆ ಕೊನೆಗೂ ಕಾಂಗ್ರೆಸ್ಸಿಗೆ ಆಯ್ಕೆಯಾಗಿ 1797ರಲ್ಲಿ ಆಗಿನ ರಾಜಧಾನಿ ಫಿಲಡೆಲ್ಫಿಯಾಕ್ಕೆ ಬಂದನು.

ಅಲ್ಲಿನ ಸಭೆಯಲ್ಲಿ ಫೆಡರಲಿಸ್ಟರ ಕೈ ಮೇಲಾಗಿತ್ತು. ವಾಷಿಂಗ್ಟನ್ ಮತ್ತು ಹ್ಯಾಮಿಲ್ಟನ್ ಕಟ್ಟಿದ್ದ ಬಲವಾದ ಕೇಂದ್ರ ಸರ್ಕಾರವನ್ನು ಉಳಿಸಿಕೊಳ್ಳಬೇಕು, ಇಂಗ್ಲೆಂಡಿನೊಡನೆ ವ್ಯಾಪಾರ ಬೆಳೆಸಬೇಕು, ಫ್ರಾನ್ಸಿನ ಕ್ರಾಂತಿಯ ಬೆಂಕಿ ಇತ್ತ ಹರಡದಂತೆ ನೋಡಿಕೊಳ್ಳಬೇಕು ಎಂಬುದು ಅವರ ನಿಲುವು. ಅವರಿಗೆ ಎದುರಾಗಿದ್ದವರು ಜೆಫರ್ಸನ್ ಮತ್ತು ಮ್ಯಾಡಿಸನ್ ಮುಂದಾಳುತನದ ರಿಪಬ್ಲಿಕನ್ನರು. ಇಂದು ಅದೇ ಹೆಸರಿನಲ್ಲಿರುವ ಪಕ್ಷಕ್ಕೂ ಅವರಿಗೂ ಸಂಬಂಧವಿಲ್ಲ. 1796ರ ಚುನಾವಣೆಯಲ್ಲಿ, ಅಧ್ಯಕ್ಷನನ್ನು ಆರಿಸಲು ರಾಜ್ಯಗಳು ನೇಮಿಸಿದ ಚುನಾಯಕರಿಂದ, ಆಡಮ್ಸ್‌ಗೆ 71, ಜೆಫರ್ಸನ್‌ಗೆ 68 ಮತಗಳು ಬಂದಿದ್ದವು. ಎರಡನೆಯ ಸ್ಥಾನ ಪಡೆದವನೇ ಉಪಾಧ್ಯಕ್ಷನಾಗಬೇಕೆಂಬ ಆಗಿನ ನಿಯಮದಂತೆ, ಅಧ್ಯಕ್ಷನ ಪ್ರಧಾನ ಎದುರಾಳಿಯೇ ಅವನ ಉಪಾಧ್ಯಕ್ಷನಾಗಿ ಕುಳಿತಿದ್ದನು.

ಲಯನ್ ಬಂದ ಹೊಸದರಲ್ಲೇ ತನ್ನ ಸ್ವಭಾವವನ್ನು ತೋರಿಸಿಕೊಟ್ಟನು. ಅಧ್ಯಕ್ಷನು ಅಧಿವೇಶನದ ಆರಂಭದಲ್ಲಿ ಭಾಷಣ ಮಾಡಿದರೆ, ಸದಸ್ಯರೆಲ್ಲರೂ ಮೆರವಣಿಗೆಯಾಗಿ ಅವನ ಮನೆಗೆ ಹೋಗಿ ಉತ್ತರವನ್ನು ಓದಿ ಒಪ್ಪಿಸಿ ಬರುವ ಪದ್ಧತಿಯಿತ್ತು. ಬ್ರಿಟಿಷ್ ಪಾರ್ಲಿಮೆಂಟಿನಿಂದ ಬಳುವಳಿಯಾಗಿ ಬಂದಿದ್ದ ಈ ಉಪಚಾರದಿಂದ ತನ್ನನ್ನು ಬಿಟ್ಟುಬಿಡಬೇಕೆಂದು ಲಯನ್ ಸಭೆಯ ಮುಂದೆ ಕೋರಿಕೆಯಿಟ್ಟನು. ಸಭೆ ನಕ್ಕಿತು. ಆದರೆ ಮುಂದೆ ನ್ಯಾಯಾಲಯದಲ್ಲಿ ಅವನು ಕೇಳಿದ ಒಂದು ಪ್ರಶ್ನೆಗೆ ಬೇರು ಈ ಕೋರಿಕೆಯಲ್ಲೇ ಇದೆ.

1798ರ ಜನವರಿ 30ರಂದು ಸಭಾಂಗಣದಲ್ಲಿ ಮತ ಎಣಿಕೆ ನಡೆಯುತ್ತಿದ್ದ ಬಿಡುವಿನಲ್ಲಿ, ಕನೆಕ್ಟಿಕಟ್‌ನ ಪ್ರತಿನಿಧಿಗಳು ತಮ್ಮ ಜನರ ಇಚ್ಛೆಗೆ ವಿರುದ್ಧವಾಗಿ ನಡೆಯುತ್ತಾರೆ, ತಾನು ಅಲ್ಲಿಗೆ ಹೋಗಿ ಪತ್ರಿಕೆ ನಡೆಸಿದರೆ ಜನರನ್ನು ಎಚ್ಚರಿಸಬಲ್ಲೆ ಎಂದು ಲಯನ್ ದೊಡ್ಡ ಗಂಟಲಿನಲ್ಲಿ ಮಾತನಾಡಿದನು. ಅದೇ ರಾಜ್ಯದ ರೋಜರ್ ಗ್ರಿಸ್ವೋಲ್ಡ್, ಹಾಗೆ ಹೋಗುವಾಗ ಮರದ ಕತ್ತಿಯನ್ನೂ ತೆಗೆದುಕೊಂಡು ಹೋಗುವಿಯಾ ಎಂದು ಕೇಳಿದನು. 1776ರಲ್ಲಿ ಲಯನ್‌ನ ತುಕಡಿಯ ಸೈನಿಕರು ಗಡಿಯ ಠಾಣೆಯೊಂದನ್ನು ತೊರೆದ ಕಾರಣಕ್ಕೆ ಅವನನ್ನು ಸೇನೆಯಿಂದ ವಜಾ ಮಾಡಲಾಗಿತ್ತು. ಹೇಡಿತನದ ಗುರುತಾಗಿ ಮರದ ಕತ್ತಿ ಕಟ್ಟಿಸಿದರೆಂಬ ವದಂತಿ ಅವನನ್ನು ಬೆನ್ನು ಬಿಟ್ಟಿರಲಿಲ್ಲ. ಲಯನ್ ತಿರುಗಿ ಗ್ರಿಸ್ವೋಲ್ಡ್‌ನ ಮುಖಕ್ಕೆ ಉಗುಳಿದನು. ಸಭೆ ಎರಡು ವಾರ ಬೇರೆಲ್ಲ ಕೆಲಸ ಬದಿಗಿಟ್ಟು ಈ ಉಗುಳಿನ ಬಗ್ಗೆ ಚರ್ಚಿಸಿತು. ಉಚ್ಚಾಟನೆಯ ಪರವಾಗಿ 52, ವಿರುದ್ಧವಾಗಿ 44 ಮತಗಳು ಬಂದು, ಮೂರನೇ ಎರಡು ಬಹುಮತವಿಲ್ಲದೆ ನಿರ್ಣಯ ಬಿದ್ದುಹೋಯಿತು. ಫೆಬ್ರವರಿ 15ರಂದು ಗ್ರಿಸ್ವೋಲ್ಡ್ ಗಟ್ಟಿ ಬೆತ್ತವೊಂದನ್ನು ಹಿಡಿದು ಬಂದು, ತನ್ನ ಮೇಜಿನ ಬಳಿ ಕುಳಿತಿದ್ದ ಲಯನ್‌ನ ತಲೆ ಮತ್ತು ಭುಜಗಳ ಮೇಲೆ ಬಾರಿಸತೊಡಗಿದನು. ಲಯನ್ ಅಗ್ಗಿಷ್ಟಿಕೆಯ ಇಕ್ಕಳವನ್ನು ಕೈಗೆತ್ತಿಕೊಂಡನು. ಇಬ್ಬರೂ ನೆಲದ ಮೇಲೆ ಹೊರಳಾಡಿದರು. ಇಬ್ಬರನ್ನೂ ಹೊರಹಾಕಬೇಕೆಂಬ ನಿರ್ಣಯವೂ ಸೋತಿತು.

ಈ ಘಟನೆಯನ್ನು ಅಂದಿನ ವ್ಯಂಗ್ಯಚಿತ್ರಕಾರರು ಚೆನ್ನಾಗಿಯೇ ಬಳಸಿಕೊಂಡರು. ಪ್ರಕರಣದ ದೃಷ್ಟಿಯಿಂದ ಮುಖ್ಯವಾದದ್ದು ಬೇರೆ: ಫೆಡರಲಿಸ್ಟರಿಗೆ ಈ ಮನುಷ್ಯನನ್ನು ಹೊರಹಾಕುವ ಮನಸ್ಸಿತ್ತು, ಅದಕ್ಕೆ ಬೇಕಾದ ಮೂರನೇ ಎರಡು ಬಹುಮತ ಮಾತ್ರ ಇರಲಿಲ್ಲ. ಸಾಮಾನ್ಯ ಕಾಯ್ದೆಯೊಂದನ್ನು ಅಂಗೀಕರಿಸಲು ಸರಳ ಬಹುಮತವೇ ಸಾಕಾಗುತ್ತದೆ.

ಕಾಯ್ದೆಯ ಹುಟ್ಟು

1798ರ ಏಪ್ರಿಲ್‌ನಲ್ಲಿ ಗಾಳಿ ಪೂರ್ತಿಯಾಗಿ ಆಡಮ್ಸ್‌ನ ಕಡೆಗೆ ಬೀಸಿತು. ಅಮೆರಿಕದ ವ್ಯಾಪಾರಿ ಹಡಗುಗಳನ್ನು ಫ್ರಾನ್ಸ್ ಹಿಡಿಯುತ್ತಿದ್ದುದರಿಂದ ಮಾತುಕತೆಗೆಂದು ಮೂವರು ಪ್ರತಿನಿಧಿಗಳನ್ನು ಪ್ಯಾರಿಸ್‌ಗೆ ಕಳುಹಿಸಲಾಗಿತ್ತು. ಅಲ್ಲಿನ ವಿದೇಶಾಂಗ ಮಂತ್ರಿ ತಾಲೆರಾನ್‌ನ ಮಧ್ಯವರ್ತಿಗಳು ಮಾತುಕತೆ ಆರಂಭಿಸುವುದಕ್ಕೇ ಲಂಚವನ್ನೂ ಸಾಲವನ್ನೂ ಕೇಳಿದರು. ಅಧ್ಯಕ್ಷನು ಏನನ್ನೋ ಬಚ್ಚಿಡುತ್ತಿದ್ದಾನೆಂದು ಶಂಕಿಸಿ, ಆ ಪತ್ರವ್ಯವಹಾರವನ್ನು ಸಭೆಯ ಮುಂದಿಡಬೇಕೆಂದು ಪಟ್ಟು ಹಿಡಿದವರಲ್ಲಿ ರಿಪಬ್ಲಿಕನ್ನರೂ ಇದ್ದರು. ಮಧ್ಯವರ್ತಿಗಳ ಹೆಸರಿನ ಜಾಗದಲ್ಲಿ ಎಕ್ಸ್, ವೈ, ಝಡ್ ಎಂಬ ಅಕ್ಷರಗಳನ್ನಿಟ್ಟು ಪತ್ರಗಳು ಹೊರಬಿದ್ದಾಗ ದೇಶ ಕೆರಳಿತು, ಕೇಳಿದವರೇ ಬಾಯಿ ಮುಚ್ಚಬೇಕಾಯಿತು. ಸೈನ್ಯ, ನೌಕಾಪಡೆ, ಹೊಸ ತೆರಿಗೆಗಳು ಒಂದರ ಹಿಂದೊಂದು ಬಂದವು. ಘೋಷಣೆಯಿಲ್ಲದ ಸಮುದ್ರಯುದ್ಧವೊಂದು ಶುರುವಾಯಿತು.

ಆ ಬೇಸಿಗೆಯಲ್ಲಿ ನಾಲ್ಕು ಕಾಯ್ದೆಗಳು ಅಂಗೀಕಾರಗೊಂಡವು. ಪೌರತ್ವ ಪಡೆಯಲು ಬೇಕಾಗಿದ್ದ ವಾಸದ ಅವಧಿಯನ್ನು 5ರಿಂದ 14 ವರ್ಷಕ್ಕೆ ಏರಿಸಿದ್ದು ಒಂದು. ಅಪಾಯಕಾರಿಯೆಂದು ತೋರಿದ ಪರದೇಶೀಯರನ್ನು ಹೊರಹಾಕುವ ಅಧಿಕಾರವನ್ನು ಅಧ್ಯಕ್ಷನಿಗೆ ಕೊಟ್ಟದ್ದು ಇನ್ನೊಂದು. ಶತ್ರುದೇಶದ ಪ್ರಜೆಗಳಿಗೆ ಸಂಬಂಧಿಸಿದ್ದು ಮೂರನೆಯದು. ಐರಿಶ್ ವಲಸಿಗರು ಬಹುಪಾಲು ರಿಪಬ್ಲಿಕನ್ನರಿಗೇ ಮತ ಹಾಕುತ್ತಿದ್ದುದನ್ನು ನೆನೆದರೆ ಮೊದಲನೆಯದರ ಗುರಿ ಅರ್ಥವಾಗುತ್ತದೆ. ನಾಲ್ಕನೆಯದೇ ಜುಲೈ 14ರಂದು ಆಡಮ್ಸ್ ಸಹಿ ಹಾಕಿದ ರಾಜದ್ರೋಹ ಕಾಯ್ದೆ. ಈ ಕಾಯ್ದೆ ಬೇಕೆಂದು ಅವನು ಕೇಳಿರಲಿಲ್ಲ. ಆದರೆ ಬಂದಾಗ ಬೇಡವೆನ್ನಲೂ ಇಲ್ಲ.

ಇಲ್ಲಿ ನಮ್ಮ ನುಡಿಯ ಬಗ್ಗೆ ಒಂದು ಮಾತು. ‘ಸೆಡಿಶನ್’ ಎಂಬುದಕ್ಕೆ ಕನ್ನಡದಲ್ಲಿ ರೂಢಿಯಾಗಿರುವ ‘ರಾಜದ್ರೋಹ’ ಅಮೆರಿಕದ ಸಂದರ್ಭಕ್ಕೆ ತಪ್ಪು ಪದದಂತೆ ತೋರಬಹುದು, ಏಕೆಂದರೆ ಅಲ್ಲಿ ರಾಜನಿರಲಿಲ್ಲ. ಆದರೆ 1798ರ ಜಗಳದ ತಿರುಳೇ ಈ ಪದದೊಳಗಿದೆ. ಇಂಗ್ಲೆಂಡಿನಲ್ಲಿ ಅರಸನು ಮೇಲೆ, ಪ್ರಜೆ ಕೆಳಗೆ. ಕೆಳಗಿನವನು ಮೇಲಿನವನ ಗೌರವಕ್ಕೆ ಕುಂದು ತಂದರೆ ಅದು ಅಪರಾಧ. ಆಳುವವರು ಜನರ ಸೇವಕರೆಂದೂ ಜನರೇ ಒಡೆಯರೆಂದೂ ಸಂವಿಧಾನ ಬರೆದುಕೊಂಡ ಮೇಲೆ, ಒಡೆಯನು ಸೇವಕನನ್ನು ಬೈದರೆ ಅದನ್ನು ಯಾವ ಹೆಸರಿನಿಂದ ದ್ರೋಹವೆನ್ನುವುದು? ಮ್ಯಾಡಿಸನ್ 1800ರಲ್ಲಿ ವರ್ಜೀನಿಯಾದ ಶಾಸನಸಭೆಗೆ ಬರೆದುಕೊಟ್ಟ ವರದಿಯಲ್ಲಿ ಈ ವಾದವನ್ನು ವಿಸ್ತಾರವಾಗಿಯೇ ಬೆಳೆಸಿದ್ದಾನೆ.

ಕಾಯ್ದೆಯ ಎರಡನೆಯ ಕಲಮಿನ ಪ್ರಕಾರ, ಸರ್ಕಾರ, ಕಾಂಗ್ರೆಸ್ಸಿನ ಯಾವುದೇ ಸದನ ಅಥವಾ ಅಧ್ಯಕ್ಷನ ವಿರುದ್ಧ ಸುಳ್ಳಾದ, ಹಗರಣಕಾರಿಯಾದ ಮತ್ತು ದುರುದ್ದೇಶದ ಬರಹವನ್ನು ಅವರಿಗೆ ಅಪಖ್ಯಾತಿ ತರುವ ಇಲ್ಲವೆ ಜನರಲ್ಲಿ ದ್ವೇಷ ಹುಟ್ಟಿಸುವ ಉದ್ದೇಶದಿಂದ ಬರೆದವರಿಗೂ ಪ್ರಕಟಿಸಿದವರಿಗೂ ಎರಡು ಸಾವಿರ ಡಾಲರ್‌ವರೆಗೆ ದಂಡ ಮತ್ತು ಎರಡು ವರ್ಷದವರೆಗೆ ಸೆರೆವಾಸ. ರಕ್ಷಣೆ ಪಡೆದವರ ಪಟ್ಟಿಯಲ್ಲಿ ಉಪಾಧ್ಯಕ್ಷನ ಹೆಸರಿಲ್ಲ. ಜೆಫರ್ಸನ್‌ನನ್ನು ಎಷ್ಟು ಬೇಕಾದರೂ ಬೈಯಬಹುದಿತ್ತು. ಕಾಯ್ದೆಯ ಆಯುಷ್ಯವನ್ನು 1801ರ ಮಾರ್ಚ್ 3ಕ್ಕೆ, ಎಂದರೆ ಆಡಮ್ಸ್‌ನ ಅಧಿಕಾರಾವಧಿಯ ಕೊನೆಯ ದಿನಕ್ಕೆ, ಸರಿಯಾಗಿ ಕತ್ತರಿಸಿಡಲಾಗಿತ್ತು. ಮುಂದಿನ ಚುನಾವಣೆಯಲ್ಲಿ ಎದುರು ಪಕ್ಷ ಗೆದ್ದರೆ ಇದೇ ಕತ್ತಿ ತಮ್ಮ ಕುತ್ತಿಗೆಗೆ ಬರಬಾರದೆಂಬ ಮುಂದಾಲೋಚನೆಯಲ್ಲದೆ ಇದಕ್ಕೆ ಬೇರೆ ಅರ್ಥ ನನಗೆ ಕಾಣುವುದಿಲ್ಲ.

ಆದರೂ ಫೆಡರಲಿಸ್ಟರ ಪಾಲಿಗೆ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಇಂಗ್ಲೆಂಡಿನ ರೂಢಿಯ ಕಾನೂನಿನಲ್ಲಿ ಬರೆದದ್ದು ನಿಜವೆಂದು ತೋರಿಸಿದರೂ ಆರೋಪಿ ಪಾರಾಗುತ್ತಿರಲಿಲ್ಲ; ನಿಜವಾದಷ್ಟೂ ನಿಂದೆ ಹೆಚ್ಚೆಂಬ ಮಾತೇ ಇತ್ತು. ಹೊಸ ಕಾಯ್ದೆಯ ಮೂರನೆಯ ಕಲಮು ಆರೋಪಿಗೆ ತಾನು ಬರೆದದ್ದು ನಿಜವೆಂದು ಸಾಬೀತುಪಡಿಸುವ ಅವಕಾಶವನ್ನು ಕೊಟ್ಟಿತು, ಕಾನೂನು ಮತ್ತು ಸಂಗತಿ ಎರಡನ್ನೂ ತೀರ್ಮಾನಿಸುವ ಹಕ್ಕನ್ನು ಜ್ಯೂರಿಗೆ, ಎಂದರೆ ತೀರ್ಪು ಹೇಳಲು ಆರಿಸಿದ ನಾಗರಿಕರ ಮಂಡಳಿಗೆ, ಕೊಟ್ಟಿತು. ಪತ್ರಿಕಾ ಸ್ವಾತಂತ್ರ್ಯವೆಂದರೆ ಪ್ರಕಟಣೆಗೆ ಮುಂಚಿನ ತಡೆ ಇಲ್ಲದಿರುವುದಷ್ಟೇ, ಪ್ರಕಟಿಸಿದ ಮೇಲಿನ ಹೊಣೆಯಿಂದ ಬಿಡುಗಡೆಯಲ್ಲ ಎಂಬ ಇಂಗ್ಲಿಷ್ ನ್ಯಾಯಶಾಸ್ತ್ರಜ್ಞ ಬ್ಲ್ಯಾಕ್‌ಸ್ಟೋನನ ವ್ಯಾಖ್ಯೆಯನ್ನು ಆಗ ಓದಿದ ವಕೀಲರು ಬಹುಮಂದಿ ಒಪ್ಪುತ್ತಿದ್ದರು. ಕಾಗದದ ಮೇಲೆ ನೋಡಿದರೆ ಇದು ಹಳೆಯದಕ್ಕಿಂತ ಮೃದುವಾದ ಕಾನೂನು.

ಆ ಮೃದುತ್ವದ ಹುಳುಕನ್ನು ಸಭೆಯಲ್ಲೇ ಎತ್ತಿ ತೋರಿಸಿದವನು ಪೆನ್ಸಿಲ್ವೇನಿಯಾದ ಆಲ್ಬರ್ಟ್ ಗ್ಯಾಲಟಿನ್. ಸಂಗತಿಯ ಸತ್ಯವನ್ನು ಸಾಕ್ಷಿ ಹೇಳಿಸಿ ತೋರಿಸಬಹುದು, ಅಭಿಪ್ರಾಯದ ಸತ್ಯವನ್ನು ತೋರಿಸುವುದು ಹೇಗೆ ಎಂಬುದು ಅವನ ಪ್ರಶ್ನೆಯಾಗಿತ್ತು. ಈ ಕಾಯ್ದೆಯೇ ಸಂವಿಧಾನಕ್ಕೆ ವಿರುದ್ಧವೆಂದು ಒಬ್ಬನು ಬರೆದರೆ, ಸರ್ಕಾರದ ಬೆಂಬಲಿಗರೇ ತುಂಬಿದ ಜ್ಯೂರಿ ಅದನ್ನು ಸುಳ್ಳೆಂದು ಹೇಳಲು ಹಿಂಜರಿಯುವುದೇ ಎಂದು ಅವನು ಕೇಳಿದನು. ಉತ್ತರ ಸಿಗಲಿಲ್ಲ. ಜುಲೈ 10ರಂದು 44ಕ್ಕೆ 41 ಮತಗಳಿಂದ ಮಸೂದೆ ಪ್ರತಿನಿಧಿ ಸಭೆಯಲ್ಲಿ ಅಂಗೀಕಾರವಾಯಿತು.

ರಟ್‌ಲ್ಯಾಂಡ್‌ನ ವಿಚಾರಣೆ

ಲಯನ್ ಜೂನ್ 20ರಂದು ಫಿಲಡೆಲ್ಫಿಯಾದಿಂದ ವರ್ಮಾಂಟ್‌ನ ವಿಂಡ್ಸರ್ ಊರಿನ ಪತ್ರಿಕೆಯೊಂದಕ್ಕೆ ಪತ್ರ ಬರೆದಿದ್ದನು. ತನ್ನ ಮೇಲೆ ಅದರಲ್ಲಿ ಬಂದಿದ್ದ ಟೀಕೆಗೆ ಅದು ಉತ್ತರ. ಕಾರ್ಯಾಂಗವು ಜನರ ಸುಖಕ್ಕಾಗಿ ದುಡಿದರೆ ತನ್ನ ಬೆಂಬಲವಿರುತ್ತದೆ, ಆದರೆ ಸಾರ್ವಜನಿಕ ಹಿತವೆಲ್ಲ ಅಧಿಕಾರದ ತೀರದ ದಾಹದಲ್ಲಿ, ನಗೆಪಾಟಲಿನ ಆಡಂಬರ, ಹೊಗಳಿಕೆ, ದುರಾಸೆಗಳ ಹಸಿವಿನಲ್ಲಿ ಮುಳುಗಿಹೋಗುವುದನ್ನು ಕಂಡಾಗ ತಾನು ಅದರ ವಿನೀತ ವಕೀಲನಾಗಲಾರೆ ಎಂಬುದು ಅದರ ಭಾವ. ಆ ಪತ್ರ ಅಚ್ಚಾದದ್ದು ಜುಲೈ 31ಕ್ಕೆ. ಬರೆದ ದಿನಕ್ಕೂ ಅಚ್ಚಾದ ದಿನಕ್ಕೂ ನಡುವೆ, ಜುಲೈ 14ರಂದು, ಕಾಯ್ದೆ ಹುಟ್ಟಿತ್ತು. ಹಿಂದಿನ ಕೃತ್ಯವನ್ನು ಇಂದು ಅಪರಾಧವೆಂದು ಮಾಡುವ ಕಾನೂನನ್ನು ಸಂವಿಧಾನವೇ ನಿಷೇಧಿಸಿತ್ತು. ಆದ್ದರಿಂದ ದೋಷಾರೋಪಪಟ್ಟಿ ಬರೆದ ದಿನವನ್ನು ಬಿಟ್ಟು ಪ್ರಕಟವಾದ ದಿನವನ್ನು ಹಿಡಿದುಕೊಂಡಿತು.

ಉಳಿದೆರಡು ಆರೋಪಗಳು ಜೋಯಲ್ ಬಾರ್ಲೋ ಎಂಬ ಕವಿ ಪ್ಯಾರಿಸ್‌ನಿಂದ ತನ್ನ ಭಾವಮೈದುನನಿಗೆ ಬರೆದ ಪತ್ರಕ್ಕೆ ಸಂಬಂಧಿಸಿದವು. ಅಧ್ಯಕ್ಷನ ಭಾಷಣಕ್ಕೆ ಎರಡು ಸದನಗಳೂ ಕೊಡಬೇಕಾಗಿದ್ದ ಉತ್ತರವೆಂದರೆ ಅವನನ್ನು ಹುಚ್ಚಾಸ್ಪತ್ರೆಗೆ ಕಳುಹಿಸುವ ಆಜ್ಞೆಯಾಗಿತ್ತು, ಅದರ ಬದಲು ಸೆನೆಟ್ ಮೂರನೆಯ ಜಾರ್ಜ್ ದೊರೆ ತನ್ನ ಪಾರ್ಲಿಮೆಂಟಿನಿಂದ ಕಂಡದ್ದಕ್ಕಿಂತ ಹೆಚ್ಚಿನ ದಾಸ್ಯಭಾವದಿಂದ ಮರುದನಿಗೊಟ್ಟಿತು ಎಂದು ಬಾರ್ಲೋ ಬರೆದಿದ್ದನು. ಲಯನ್ ಇದನ್ನು ಪ್ರಚಾರದ ಸಭೆಗಳಲ್ಲಿ ಓದಿ ಹೇಳುತ್ತಿದ್ದನು. ಆಮೇಲೆ ಅದು ಪುಸ್ತಿಕೆಯಾಗಿಯೂ ಅಚ್ಚಾಯಿತು. ಸಭೆಯೊಳಗಿನ ಮಾತಿಗೆ ಸಂವಿಧಾನದ ರಕ್ಷೆಯಿತ್ತು. ಅದೇ ಮಾತನ್ನು ಮತದಾರರ ಮುಂದೆ ಆಡಿದರೆ ಆ ರಕ್ಷೆ ಇರಲಿಲ್ಲ.

ರಟ್‌ಲ್ಯಾಂಡ್ ಊರಿಗೆ ಬಂದ ಸಂಚಾರಿ ನ್ಯಾಯಾಲಯದ ಪೀಠದಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶ ವಿಲಿಯಂ ಪ್ಯಾಟರ್ಸನ್ ಮುಖ್ಯನಾಗಿದ್ದನು. 1787ರ ಸಂವಿಧಾನ ಸಭೆಯಲ್ಲಿ ಸಣ್ಣ ರಾಜ್ಯಗಳ ಪರವಾಗಿ ನ್ಯೂಜೆರ್ಸಿ ಯೋಜನೆಯನ್ನು ಮಂಡಿಸಿ, ಆ ಸಂವಿಧಾನಕ್ಕೆ ಸಹಿ ಹಾಕಿದವರಲ್ಲಿ ಅವನೂ ಒಬ್ಬ. ಅಕ್ಟೋಬರ್ ಮೊದಲ ವಾರದಲ್ಲಿ ಗ್ರ್ಯಾಂಡ್ ಜ್ಯೂರಿ ಆರೋಪ ಹೊರಿಸಿತು. 8ರಂದು ವಿಚಾರಣೆ ನಡೆಯಿತು. ತಾನು ಕರೆಸಿಕೊಂಡಿದ್ದ ವಕೀಲರು ಬಾರದ ಕಾರಣ ಲಯನ್ ತಾನೇ ವಾದಿಸಿದನು. ಅವನ ವಾದದಲ್ಲಿ ಮೂರು ಅಂಶಗಳಿದ್ದವು: ಕಾಯ್ದೆಯೇ ಸಂವಿಧಾನಕ್ಕೆ ವಿರುದ್ಧ, ತನ್ನ ಪ್ರಕಟಣೆಯಲ್ಲಿ ದುರುದ್ದೇಶವಿಲ್ಲ, ಬರೆದದ್ದೆಲ್ಲ ನಿಜ.

ಮೊದಲನೆಯದನ್ನು ಪ್ಯಾಟರ್ಸನ್ ಬಾಗಿಲಲ್ಲೇ ತಡೆದನು. ಕಾಯ್ದೆ ಸಂವಿಧಾನಬದ್ಧವೇ ಅಲ್ಲವೇ ಎಂಬುದು ಜ್ಯೂರಿಯ ಕೆಲಸವಲ್ಲ, ಸೂಕ್ತ ನ್ಯಾಯಾಲಯ ಅದನ್ನು ಅಸಿಂಧುವೆಂದು ಹೇಳುವವರೆಗೆ ಅದು ಕಾನೂನೇ ಎಂದು ಜ್ಯೂರಿಗೆ ತಿಳಿಸಿದನು. ಕಾನೂನನ್ನೂ ತೀರ್ಮಾನಿಸುವ ಹಕ್ಕು ಜ್ಯೂರಿಗೆ ಇದೆಯೆಂದು ಹೇಳಿದ ಮೂರನೆಯ ಕಲಮು ಹೀಗೆ ಅರ್ಧಕ್ಕಿಳಿಯಿತು. ದುರುದ್ದೇಶವನ್ನು ಬರಹದ ಮಾತುಗಳಿಂದಲೇ ಊಹಿಸಿಕೊಳ್ಳಬೇಕಾಗಿದ್ದುದರಿಂದ ಎರಡನೆಯ ಅಂಶಕ್ಕೂ ಕಾಲಿರಲಿಲ್ಲ. ಉಳಿದದ್ದು ಸತ್ಯವೊಂದೇ.

ಅಧ್ಯಕ್ಷನಿಗೆ ನಗೆಪಾಟಲಿನ ಆಡಂಬರದ ಚಪಲವಿದೆ ಎಂಬುದನ್ನು ರಟ್‌ಲ್ಯಾಂಡ್‌ನಂಥ ಗುಡ್ಡಗಾಡಿನ ಊರಿನಲ್ಲಿ ಸಾಬೀತುಪಡಿಸುವುದು ಹೇಗೆ? ಯಾರನ್ನು ಸಾಕ್ಷಿಗೆ ಕರೆಯುವುದು? ಲಯನ್ ಕರೆದದ್ದು ನ್ಯಾಯಾಧೀಶನನ್ನೇ. ತಾವು ಅಧ್ಯಕ್ಷರ ಮನೆಯಲ್ಲಿ ಊಟ ಮಾಡಿದ್ದುಂಟೋ ಇಲ್ಲವೋ, ಅಲ್ಲಿನ ಆಡಂಬರವನ್ನು ಕಂಡದ್ದುಂಟೋ ಇಲ್ಲವೋ ಎಂದು ಪ್ಯಾಟರ್ಸನ್‌ನನ್ನು ಕೇಳಿದನು. ಅಪರೂಪಕ್ಕೆ ಊಟ ಮಾಡಿದ್ದುಂಟು, ಆಡಂಬರವೇನೂ ಕಾಣಲಿಲ್ಲ, ಸರಳತೆಯನ್ನೇ ಕಂಡೆ ಎಂದು ನ್ಯಾಯಾಧೀಶನು ಉತ್ತರಿಸಿದನು. ಹಾಗಾದರೆ ಈ ರಟ್‌ಲ್ಯಾಂಡ್‌ನ ಊಟದ ಹೋಟೆಲಿನಲ್ಲಿರುವುದಕ್ಕಿಂತ ಹೆಚ್ಚಿನ ಠೀವಿ, ಹೆಚ್ಚಿನ ಸೇವಕರು ಅಲ್ಲಿರಲಿಲ್ಲವೇ ಎಂದು ಲಯನ್ ಮರುಪ್ರಶ್ನೆ ಹಾಕಿದನು. ಅದಕ್ಕೆ ಪ್ಯಾಟರ್ಸನ್ ಉತ್ತರ ಕೊಡಲಿಲ್ಲ.

ಈ ಪ್ರಶ್ನೋತ್ತರವನ್ನು ಒಬ್ಬ ಒರಟನ ಚೇಷ್ಟೆಯೆಂದು ತಳ್ಳಿಹಾಕಿದವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಗ್ಯಾಲಟಿನ್ ಮೂರು ತಿಂಗಳ ಹಿಂದೆ ವಾದವಾಗಿ ಹೇಳಿದ್ದನ್ನು ಲಯನ್ ಪ್ರಯೋಗವಾಗಿ ಮಾಡಿ ತೋರಿಸಿದನು. ಜೀತದಾಳಾಗಿ ದಡ ಸೇರಿದವನ ಕಣ್ಣಿಗೆ ಆಡಂಬರವೆಂದು ಕಂಡದ್ದು ನ್ಯೂಜೆರ್ಸಿಯ ಗವರ್ನರಾಗಿದ್ದವನ ಕಣ್ಣಿಗೆ ಸರಳತೆಯೆಂದು ಕಾಣುವುದರಲ್ಲಿ ಅಚ್ಚರಿಯಿಲ್ಲ. ಇಬ್ಬರಲ್ಲಿ ಯಾರೂ ಸುಳ್ಳಾಡುತ್ತಿರಲಿಲ್ಲ. ಆದರೆ ಕಾಯ್ದೆಯ ಪ್ರಕಾರ ಒಂದು ನೋಟ ‘ಸತ್ಯ’, ಇನ್ನೊಂದು ‘ಸುಳ್ಳು’ ಆಗಲೇಬೇಕಿತ್ತು, ಮತ್ತು ಯಾವುದು ಸತ್ಯವೆಂದು ಹೇಳಬಲ್ಲ ಏಕೈಕ ಸಾಕ್ಷಿ ಅಧ್ಯಕ್ಷನ ಮೇಜಿನಲ್ಲಿ ಉಂಡು ಬಂದಿದ್ದ ನ್ಯಾಯಾಧೀಶನೇ ಆಗಿದ್ದನು.

ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಅಪರಾಧಿಯೆಂದು ತೀರ್ಪು ತಂದಿತು. ಮರುದಿನ ಶಿಕ್ಷೆ ವಿಧಿಸುತ್ತಾ ಪ್ಯಾಟರ್ಸನ್, ಶಾಸನ ಮಾಡುವ ಸಭೆಯ ಸದಸ್ಯನಾದ ನಿನಗೆ ಈ ಕಾಯ್ದೆಯ ಸ್ವರೂಪ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರಬೇಕಿತ್ತು ಎಂದು ಗದರಿಸಿ, ಆದರೆ ಅವನ ಹಣಕಾಸಿನ ಸ್ಥಿತಿ ಕುಸಿದಿರುವುದನ್ನು ಗಮನಿಸಿ ದಂಡವನ್ನು ಗರಿಷ್ಠ ಮಿತಿಗೆ ಏರಿಸದೆ, ನಾಲ್ಕು ತಿಂಗಳ ಸೆರೆವಾಸ, ಸಾವಿರ ಡಾಲರ್ ದಂಡ ಮತ್ತು 60 ಡಾಲರ್ 96 ಸೆಂಟು ಖರ್ಚನ್ನು ವಿಧಿಸಿದನು. ಪ್ಯಾಟರ್ಸನ್ ಹೇಳಿದ ‘ಸೂಕ್ತ ನ್ಯಾಯಾಲಯ’ ಈ ಕಾಯ್ದೆಯ ಬಗ್ಗೆ ಅದರ ಆಯುಷ್ಯದಲ್ಲಿ ಎಂದೂ ತೀರ್ಪು ಕೊಡಲಿಲ್ಲ. ಅದನ್ನು ಅಸಂವಿಧಾನಿಕವೆಂದು ಕರೆದದ್ದು 1840ರ ದಂಡ ವಾಪಸಾತಿಗೆ ಶಿಫಾರಸು ಮಾಡಿದ ಪ್ರತಿನಿಧಿ ಸಭೆಯ ಸಮಿತಿ. ಸರ್ವೋಚ್ಚ ನ್ಯಾಯಾಲಯ ಅದರ ಬಗ್ಗೆ ಮನಬಿಚ್ಚಿ ಮಾತನಾಡಿದ್ದು 1964ರಲ್ಲಿ, ನ್ಯೂಯಾರ್ಕ್ ಟೈಮ್ಸ್ ಮತ್ತು ಸಲಿವನ್ ನಡುವಿನ ಮಾನನಷ್ಟ ಪ್ರಕರಣದಲ್ಲಿ. ಆ ಕಾಯ್ದೆ ತನ್ನ ಮುಂದೆ ಪರೀಕ್ಷೆಗೆ ಬಾರದಿದ್ದರೂ ಇತಿಹಾಸದ ನ್ಯಾಯಾಲಯದಲ್ಲಿ ಸೋತಿದೆಯೆಂದು ಅದು ಹೇಳಿತು.

ಸೆರೆಮನೆಯಿಂದ ಸಭೆಗೆ

ರಟ್‌ಲ್ಯಾಂಡ್‌ನಲ್ಲೇ ಸೆರೆಮನೆಯಿದ್ದರೂ ನ್ಯಾಯಾಲಯದ ಆಜ್ಞೆ ಜಾರಿಮಾಡುವ ಅಧಿಕಾರಿಯಾದ ಮಾರ್ಷಲ್ ಅವನನ್ನು ನಲವತ್ತಕ್ಕೂ ಹೆಚ್ಚು ಮೈಲಿ ಉತ್ತರದ ವರ್ಗೆನ್ಸ್ ಊರಿಗೆ ಕುದುರೆಯ ಮೇಲೆ ಕರೆದೊಯ್ದನು. ಹದಿನಾರು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಕೋಣೆ. ಮೂಲೆಯಲ್ಲಿ ಪಾಯಿಖಾನೆಯ ನಾತ. ಕಿಟಕಿಗೆ ಸರಳುಗಳಿದ್ದವು, ಗಾಜಿರಲಿಲ್ಲ. ವರ್ಮಾಂಟ್‌ನ ಚಳಿಗಾಲ ಹತ್ತಿರವಾಗುತ್ತಿತ್ತು. ಇದನ್ನೆಲ್ಲ ಲಯನ್ ಕೂಡಲೇ ವರ್ಜೀನಿಯಾದ ಸೆನೆಟರ್ ಸ್ಟೀವನ್ಸ್ ಥಾಮ್ಸನ್ ಮೇಸನ್‌ಗೆ ಪತ್ರದಲ್ಲಿ ಬರೆದನು. ಪತ್ರ ರಿಪಬ್ಲಿಕನ್ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ಸೆರೆಮನೆಯನ್ನೇ ಕೆಡವುತ್ತೇವೆಂದು ಹೊರಟ ನೆರೆಹೊರೆಯವರನ್ನು ತಡೆದವನೂ ಲಯನ್‌ನೇ. ಸೇಡನ್ನು ಮತಪೆಟ್ಟಿಗೆಯಲ್ಲಿ ತೀರಿಸಿಕೊಳ್ಳಿ ಎಂಬ ಬುದ್ಧಿಮಾತು, ಸಭೆಯಲ್ಲಿ ಉಗುಳಿದ್ದ ಬಾಯಿಂದಲೇ ಬಂತು.

ವರ್ಮಾಂಟ್‌ನಲ್ಲಿ ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ ಬೇಕಾಗಿತ್ತು. ಸೆಪ್ಟೆಂಬರ್‌ನ ಮತದಾನದಲ್ಲಿ ಯಾರಿಗೂ ಅಷ್ಟು ಬಂದಿರಲಿಲ್ಲವಾದ್ದರಿಂದ ಡಿಸೆಂಬರ್‌ನಲ್ಲಿ ಮರುಮತದಾನ ನಡೆಯಿತು, ಅದರಲ್ಲಿ ಸೆರೆಯಲ್ಲಿದ್ದ ಅಭ್ಯರ್ಥಿ ಭಾರಿ ಅಂತರದಿಂದ ಗೆದ್ದನು. ಅವನ ಬಾಯಿ ಮುಚ್ಚಿಸಲು ಹೊರಟ ಕಾಯ್ದೆ ಅವನನ್ನು ದೇಶವೆಲ್ಲ ಬಲ್ಲ ಹೆಸರಾಗಿ ಮಾಡಿತ್ತು. ಅತ್ತ, ಸಾವಿರಾರು ವರ್ಮಾಂಟಿಗರು ಸಹಿ ಹಾಕಿದ ಕ್ಷಮಾದಾನದ ಮನವಿಯನ್ನು ಪಾದ್ರಿಯೊಬ್ಬನು ಫಿಲಡೆಲ್ಫಿಯಾಕ್ಕೆ ಒಯ್ದಾಗ, ಅದಕ್ಕೆ ಲಯನ್‌ನ ಸಹಿಯಿದೆಯೇ ಎಂದು ಆಡಮ್ಸ್ ಕೇಳಿದನು. ಇರಲಿಲ್ಲ. ಪಶ್ಚಾತ್ತಾಪ ಮೊದಲು, ಕ್ಷಮೆ ಆಮೇಲೆ ಎಂಬ ಉತ್ತರ ಬಂತು. ಕ್ಷಮೆ ಬೇಡಿದರೆ ಅಪರಾಧವನ್ನು ಒಪ್ಪಿದಂತಾಗುತ್ತದೆಂದು ಲಯನ್ ಸಹಿ ಹಾಕಿರಲಿಲ್ಲ. ಕ್ಷಮಿಸಿದರೆ ಕಾಯ್ದೆಯ ಅನ್ಯಾಯವನ್ನು ಒಪ್ಪಿದಂತಾಗುತ್ತದೆಂದು ಬಹುಶಃ ಆಡಮ್ಸ್‌ನೂ ಭಾವಿಸಿದ್ದನು.

1799ರ ಫೆಬ್ರವರಿ 9ರಂದು ಅವಧಿ ಮುಗಿಯಿತು. ದಂಡದ ಹಣವನ್ನು ನಾಣ್ಯದಲ್ಲೇ ಹೊಂದಿಸಬೇಕಾಗಿದ್ದಾಗ, ವರ್ಜೀನಿಯಾದ ಗೆಳೆಯರು ಕೂಡಿಹಾಕಿದ ಚಿನ್ನವನ್ನು ಸೆನೆಟರ್ ಮೇಸನ್ ತಾನೇ ತಂದು ಕಟ್ಟಿದನು. ಹೊಸ ಆರೋಪದ ಮೇಲೆ ಮತ್ತೆ ಬಂಧಿಸಬಹುದೆಂಬ ಭಯವಿದ್ದುದರಿಂದ ಲಯನ್ ಹೊಸ್ತಿಲು ದಾಟಿದೊಡನೆಯೇ ತಾನು ಫಿಲಡೆಲ್ಫಿಯಾಕ್ಕೆ ಹೊರಟಿದ್ದೇನೆಂದು ಕೂಗಿ ಹೇಳಿದನು, ಏಕೆಂದರೆ ಅಧಿವೇಶನಕ್ಕೆ ಹೊರಟ ಸದಸ್ಯನನ್ನು ದಾರಿಯಲ್ಲಿ ಬಂಧಿಸುವಂತಿರಲಿಲ್ಲ. ಸಭೆಯಲ್ಲಿ ಡೆಲವೇರ್‌ನ ಜೇಮ್ಸ್ ಬೇಯರ್ಡ್ ಅವನನ್ನು ರಾಜದ್ರೋಹದ ಅಪರಾಧಿಯೆಂದು ಉಚ್ಚಾಟಿಸುವ ನಿರ್ಣಯ ತಂದನು. ಪರವಾಗಿ 49, ವಿರುದ್ಧವಾಗಿ 45. ಮತ್ತೊಮ್ಮೆ ಮೂರನೇ ಎರಡು ಬಹುಮತಕ್ಕೆ ಕೊರತೆ. ವರ್ಮಾಂಟ್‌ನಲ್ಲಿ ಮಾತ್ರ ಕಾಯ್ದೆಯ ಬಾಲ ಇನ್ನೂ ಆಡುತ್ತಿತ್ತು: ಲಯನ್‌ನ ದಂಡಕ್ಕಾಗಿ ಹಣ ಎತ್ತಲು ಏರ್ಪಡಿಸಿದ್ದ ಲಾಟರಿಯ ಜಾಹೀರಾತನ್ನು ತನ್ನ ಪತ್ರಿಕೆಯಲ್ಲಿ ಪ್ರಕಟಿಸಿದ್ದೂ ಸೇರಿದಂತೆ ಹೊರಿಸಿದ ಆರೋಪಗಳಿಗೆ ಬೆನಿಂಗ್ಟನ್‌ನ ಮುದ್ರಕ ಆಂಥನಿ ಹ್ಯಾಸ್ವೆಲ್‌ಗೆ 1800ರಲ್ಲಿ ಅದೇ ಪ್ಯಾಟರ್ಸನ್ ಎರಡು ತಿಂಗಳ ಸೆರೆ ಮತ್ತು 200 ಡಾಲರ್ ದಂಡ ವಿಧಿಸಿದನು.

ಕೆಂಟಕಿ ಮತ್ತು ವರ್ಜೀನಿಯಾದ ಶಾಸನಸಭೆಗಳು, ಜೆಫರ್ಸನ್ ಮತ್ತು ಮ್ಯಾಡಿಸನ್ ಗುಟ್ಟಾಗಿ ಬರೆದುಕೊಟ್ಟ ನಿರ್ಣಯಗಳ ಮೂಲಕ, ಈ ಕಾಯ್ದೆಗಳು ಅಸಿಂಧುವೆಂದು ಸಾರಿದ್ದನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ. ಲಯನ್‌ನ ಸ್ವಂತ ರಾಜ್ಯದ ಶಾಸನಸಭೆ 1799ರಲ್ಲಿ ಆ ನಿರ್ಣಯಗಳನ್ನು ತಿರಸ್ಕರಿಸಿ, ಕಾಯ್ದೆಯ ಸಿಂಧುತ್ವವನ್ನು ತೀರ್ಮಾನಿಸುವುದು ಒಕ್ಕೂಟದ ನ್ಯಾಯಾಲಯಗಳಿಗೆ ಮಾತ್ರ ಸೇರಿದ್ದೆಂದು ಉತ್ತರ ಬರೆದದ್ದನ್ನು ಮಾತ್ರ ದಾಖಲಿಸಬೇಕು. ವರ್ಮಾಂಟ್ ಎಲ್ಲ ಲಯನ್‌ನ ಹಿಂದಿತ್ತೆಂಬ ಕಥೆಗೆ ಇದು ಒಪ್ಪುವುದಿಲ್ಲ.

ಮೂವತ್ತಾರನೆಯ ಮತದಾನ

1800ರ ಚುನಾವಣೆಯಲ್ಲಿ ಆಡಮ್ಸ್ 65 ಮತಗಳೊಂದಿಗೆ ಸೋತನು; ಆದರೆ ಜೆಫರ್ಸನ್ ಮತ್ತು ಅವನ ಜೊತೆಗಾರ ಏರನ್ ಬರ್ ಇಬ್ಬರಿಗೂ ತಲಾ 73 ಬಂದು, ತೀರ್ಮಾನ ಪ್ರತಿನಿಧಿ ಸಭೆಗೆ ಬಿತ್ತು. ಅಲ್ಲಿ ರಾಜ್ಯಕ್ಕೊಂದು ಮತ. 16 ರಾಜ್ಯಗಳಲ್ಲಿ 9 ಬೇಕು. 1801ರ ಫೆಬ್ರವರಿ 11ರಿಂದ ನಡೆದ ಮತದಾನಗಳಲ್ಲಿ ಜೆಫರ್ಸನ್‌ಗೆ 8, ಬರ್‌ಗೆ 6 ರಾಜ್ಯಗಳು ನಿಂತವು. ಎರಡು ರಾಜ್ಯಗಳ ಸದಸ್ಯರು ಸಮನಾಗಿ ಒಡೆದಿದ್ದರು. ಅವುಗಳಲ್ಲಿ ಒಂದು ವರ್ಮಾಂಟ್. ಅದಕ್ಕಿದ್ದವರು ಇಬ್ಬರೇ ಸದಸ್ಯರು: ಲಯನ್ ಜೆಫರ್ಸನ್‌ನ ಕಡೆ, ಲೂಯಿಸ್ ಮಾರಿಸ್ ಬರ್‌ನ ಕಡೆ. ಫೆಬ್ರವರಿ 17ರಂದು, 36ನೆಯ ಸುತ್ತಿನಲ್ಲಿ, ಮಾರಿಸ್ ಸಭೆಯಿಂದ ದೂರ ಉಳಿದನು, ಲಯನ್ ಒಬ್ಬನೇ ಹಾಕಿದ ಮತ ವರ್ಮಾಂಟ್‌ನ ಮತವಾಯಿತು. ಜೆಫರ್ಸನ್‌ಗೆ 10 ರಾಜ್ಯಗಳು ದೊರೆತವು.

ಜೆಫರ್ಸನ್‌ನನ್ನು ಅಧ್ಯಕ್ಷನನ್ನಾಗಿ ಮಾಡಿದವನು ತಾನೇ ಎಂದು ಲಯನ್ ಮುಂದೆ ಹೇಳಿಕೊಂಡದ್ದರಲ್ಲಿ ಅರ್ಧ ನಿಜವಿದೆ. ಮಾರಿಸ್ ಹಿಂದೆ ಸರಿದದ್ದೂ, ಅದೇ ಸುತ್ತಿನಲ್ಲಿ ಮೇರಿಲ್ಯಾಂಡ್‌ನ ಫೆಡರಲಿಸ್ಟರು ಖಾಲಿ ಚೀಟಿ ಹಾಕಿದ್ದೂ ಒಂದು ಒಪ್ಪಂದದ ಫಲ, ಮತ್ತು ಆ ಒಪ್ಪಂದಕ್ಕೆ ದಾರಿ ತೆರೆದವನು, ಎರಡು ವರ್ಷಗಳ ಹಿಂದೆ ಲಯನ್‌ನನ್ನು ಹೊರಹಾಕಬೇಕೆಂದು ನಿರ್ಣಯ ತಂದಿದ್ದ ಬೇಯರ್ಡ್. ಆ ನಿರ್ಣಯಕ್ಕೆ ಇನ್ನೂ ಹದಿನಾಲ್ಕು ಮತಗಳು ಸಿಕ್ಕಿದ್ದರೆ 36ನೆಯ ಸುತ್ತಿನ ಹೊತ್ತಿಗೆ ವರ್ಮಾಂಟ್‌ನ ಆಸನದಲ್ಲಿ ಯಾರಿರುತ್ತಿದ್ದರೋ.

ಜೆಫರ್ಸನ್ ಅಧಿಕಾರಕ್ಕೆ ಬಂದ ಮೇಲೆ ಕಾಯ್ದೆಯಡಿ ಶಿಕ್ಷೆಗೊಳಗಾಗಿದ್ದವರನ್ನು ಕ್ಷಮಿಸಿದನು. ಲಯನ್ ಕೆಂಟಕಿಗೆ ವಲಸೆ ಹೋಗಿ, ಅಲ್ಲಿಂದಲೂ 1803ರಿಂದ 1811ರವರೆಗೆ ಕಾಂಗ್ರೆಸ್ಸಿನಲ್ಲಿ ಕುಳಿತನು; ಕೊನೆಗೆ ಅರ್ಕಾನ್ಸಾ ಪ್ರದೇಶದಲ್ಲಿ ಚೆರೋಕಿ ಜನರ ನಡುವಿನ ಸರ್ಕಾರಿ ವ್ಯಾಪಾರದ ಕೇಂದ್ರದಲ್ಲಿ ಅಧಿಕಾರಿಯಾಗಿದ್ದಾಗ 1822ರಲ್ಲಿ ತೀರಿಕೊಂಡನು.

ರಾಜದ್ರೋಹ ಕಾಯ್ದೆ 1801ರ ಮಾರ್ಚ್ 3ರ ದಿನದೊಂದಿಗೆ ಮುಗಿಯಿತು. ಮಾರ್ಚ್ 4ರ ತಾರೀಕು ಹಾಕಿ ಲಯನ್ ಮಾಜಿ ಅಧ್ಯಕ್ಷನಿಗೆ ಒಂದು ಬಹಿರಂಗ ಪತ್ರ ಬರೆದನು. ನಾಲ್ಕು ವರ್ಷಗಳ ಹಿಂದೆ ಇದೇ ದಿನ ನೀವು ಮೂರು ಮತಗಳ ಅಂತರದಿಂದ ಅಧ್ಯಕ್ಷರಾದಿರಿ ಎಂದು ಆರಂಭಿಸಿ, ಅವನ ಆಡಳಿತದ ತಪ್ಪುಗಳನ್ನೆಲ್ಲ ಅದರಲ್ಲಿ ಎಣಿಸಿದ್ದಾನೆ. ಆಡಮ್ಸ್‌ನನ್ನು ಅವನು ಸಂಬೋಧಿಸಿರುವುದು ಯಾವ ಬಿರುದಿನಿಂದಲೂ ಅಲ್ಲ, ‘ಸಹನಾಗರಿಕ’ ಎಂದು.